ಇಸ್ರೋ ಅಧ್ಯಕ್ಷರಿಗೊಂದು ಬಹಿರಂಗ ಪತ್ರ: ರಾಕೆಟ್ ಯಾಕೆ ಬಿತ್ತು ಅಂತ ನಮಗೂ ಹೇಳಿ

ಇವರಿಗೆ,
ಅಧ್ಯಕ್ಷರು, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ
ಹಾಗೂ ಕಾರ್ಯದರ್ಶಿಗಳು, ಬಾಹ್ಯಾಕಾಶ ಇಲಾಖೆ
ಅಂತರಿಕ್ಷ ಭವನ, ಬೆಂಗಳೂರು

ವಿಷಯ: ಪಿಎಸ್‌ಎಲ್‌ವಿ-ಸಿ61 ಮತ್ತು ಸಿ62 ರಾಕೆಟ್‌ಗಳ ವೈಫಲ್ಯದ ತನಿಖೆಯ ಸಾರಾಂಶವನ್ನು ಜನರ ಮುಂದಿಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ರಾಕೆಟ್ ವಿಜ್ಞಾನಿ ಅಲ್ಲ, ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ಶ್ರೀಹರಿಕೋಟಾದಲ್ಲಿ ಕೌಂಟ್‌ಡೌನ್ ಶುರುವಾಯಿತೆಂದರೆ ನಮ್ಮಂಥವರ ಆಫೀಸ್ ಮೀಟಿಂಗ್‌ಗಳು ಹೇಗೋ ಅರ್ಧ ಗಂಟೆ ಮುಂದಕ್ಕೆ ಹೋಗಿಬಿಡುತ್ತವೆ. ಪಿಎಸ್‌ಎಲ್‌ವಿಯ ಯಾವ ಹಂತ ಯಾವಾಗ ಹೊತ್ತಿಕೊಳ್ಳುತ್ತದೆ, ಉಪಗ್ರಹವನ್ನು ಮುಚ್ಚಿರುವ ಶಾಖ ಕವಚ ಯಾವಾಗ ಕಳಚುತ್ತದೆ ಅನ್ನೋದು ಬಾಯಿಪಾಠ. ಇಂಥ ಹುಚ್ಚರು ಈ ದೇಶದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಚಂದ್ರಯಾನ-3 ಇಳಿದ ಸಂಜೆ ನಿಮ್ಮ ಯೂಟ್ಯೂಬ್ ಪ್ರಸಾರವನ್ನು ಒಂದೇ ಹೊತ್ತಿಗೆ 80 ಲಕ್ಷ ಜನ ನೋಡುತ್ತಿದ್ದರು. ಆ ಗುಂಪಿನಲ್ಲಿ ಒಬ್ಬನಾಗಿ ಈ ಪತ್ರ ಬರೆಯುತ್ತಿದ್ದೇನೆ. ಬೈಯೋಕೆ ಅಲ್ಲ. ಆದರೆ ದೂರು ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ನಾವು ಕಂಡದ್ದು ಹೇಳುತ್ತೇನೆ. 2025ರ ಮೇ 18, ಭಾನುವಾರ, ಬೆಳಗಿನ 5:59. ಪಿಎಸ್‌ಎಲ್‌ವಿ-ಸಿ61 ಇಒಎಸ್-09 ಎಂಬ ರೇಡಾರ್ ಉಪಗ್ರಹ ಹೊತ್ತು ಎದ್ದಿತು. ಮೊದಲ ಹಂತ ಸರಿ, ಎರಡನೆಯದೂ ಸರಿ. ನಿಮ್ಮ ಪ್ರಸಾರದಲ್ಲಿ ಪರದೆಯ ಮೇಲೆ ಎರಡು ಗೆರೆ ಬರುತ್ತವಲ್ಲ, ಒಂದು ಮೊದಲೇ ಲೆಕ್ಕ ಹಾಕಿಟ್ಟ ದಾರಿ, ಇನ್ನೊಂದು ರಾಕೆಟ್ ನಿಜಕ್ಕೂ ಹೋಗುತ್ತಿರುವ ದಾರಿ, ನಮ್ಮ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಎರಡೂ ಒಂದರ ಮೇಲೊಂದು ಕೂತಿದ್ದರೆ ನೆಮ್ಮದಿ. ಆ ದಿನ ಮೂರನೇ ಹಂತ ಉರಿಯುತ್ತಿರುವಾಗ ವಿವರಣೆ ಕೊಡುವವರ ದನಿ ನಿಧಾನವಾಯಿತು. ಆಮೇಲೆ ತಾವೇ ಬಂದು, ಮೋಟಾರಿನಲ್ಲಿ ಇಂಧನ ಉರಿಯುವ ಚೇಂಬರ್‌ನ ಒತ್ತಡ ಇಳಿದಿದೆ, ಉಡಾವಣೆ ಗುರಿ ಮುಟ್ಟಿಲ್ಲ, ಪರಿಶೀಲಿಸಿ ಹೇಳುತ್ತೇವೆ ಅಂದಿರಿ. ನಿಮಿಷಗಳಲ್ಲೇ ಎದುರಿಗೆ ಬಂದು ಅಷ್ಟು ಹೇಳಿದ್ದಕ್ಕೆ ನಿಜಕ್ಕೂ ಗೌರವವಿದೆ.

ಆದರೆ ಆಮೇಲಿನ ಮಾತು ಬರಲೇ ಇಲ್ಲ. ವೈಫಲ್ಯ ವಿಶ್ಲೇಷಣಾ ಸಮಿತಿ ಕೂತಿತು ಅಂತ ಪತ್ರಿಕೆಗಳಲ್ಲಿ ಓದಿದೆವು. ಏನು ಕಂಡುಕೊಂಡಿತು, ಯಾವ ಭಾಗ ಕೈಕೊಟ್ಟಿತು, ಏನು ತಿದ್ದಿದ್ದೀರಿ? ಯಾವುದಕ್ಕೂ ಉತ್ತರ ಜನರಿಗೆ ಸಿಗಲಿಲ್ಲ. ತಿಂಗಳುಗಳು ಉರುಳಿದವು. ವರದಿ ಹೊರಬರುವ ಮೊದಲೇ ಮುಂದಿನ ಪಿಎಸ್‌ಎಲ್‌ವಿ ಉಡಾವಣಾ ವೇದಿಕೆಯ ಮೇಲೆ ನಿಂತಿತ್ತು.

2026ರ ಜನವರಿ 12. ಪಿಎಸ್‌ಎಲ್‌ವಿ-ಸಿ62. ಮುಖ್ಯ ಉಪಗ್ರಹ ಇಒಎಸ್-ಎನ್1, ಅಂದರೆ ಅನ್ವೇಷಾ. ಜೊತೆಗೆ ನಮ್ಮ ನವೋದ್ಯಮಗಳ, ವಿದೇಶಿ ಗ್ರಾಹಕರ 15 ಪೇಲೋಡ್‌ಗಳು. ಮತ್ತೆ ಮೂರನೇ ಹಂತ. ಈ ಸಲ ಆ ಹಂತ ಮುಗಿಯುತ್ತಾ ಬಂದಾಗ ರಾಕೆಟ್ ತನ್ನ ಅಕ್ಷದ ಸುತ್ತ ಉರುಳುವ ವೇಗದಲ್ಲಿ ಏರುಪೇರು ಕಾಣಿಸಿತು, ದಾರಿ ತಪ್ಪಿತು ಅಂತ ಹೇಳಿದಿರಿ. ಹದಿನಾರೂ ಹೋದವು. ಅದರಲ್ಲೊಂದು ಸ್ಪೇನ್ ದೇಶದ ಪುಟ್ಟ ಕ್ಯಾಪ್ಸೂಲ್, ವಾತಾವರಣಕ್ಕೆ ವಾಪಸ್ ಬರುವುದನ್ನು ಪರೀಕ್ಷಿಸಲು ಮಾಡಿದ್ದು. ಅದು ರಾಕೆಟ್‌ನಿಂದ ಕಳಚಿಕೊಂಡು, ಬೀಳುತ್ತಾ ಬೀಳುತ್ತಾ ಒಂದಿಷ್ಟು ದತ್ತಾಂಶ ಕಳಿಸಿತಂತೆ. ಇದನ್ನು ಜಗತ್ತಿಗೆ ಹೇಳಿದ್ದು ಆ ಚಿಕ್ಕ ಕಂಪನಿ. ನಮ್ಮದೇ ರಾಕೆಟ್‌ನ ಕೊನೆಯ ಗಳಿಗೆಗಳ ಸುದ್ದಿಯನ್ನು ನಾವು ಅವರ ಪೋಸ್ಟ್ ನೋಡಿ ತಿಳಿದುಕೊಳ್ಳಬೇಕಾಯಿತು. ಸ್ವಲ್ಪ ಮುಜುಗರದ ವಿಷಯ ಅಲ್ವಾ ಸರ್?

ಸೋತಿದ್ದಕ್ಕೆ ನಮಗೆ ಬೇಸರವಿದೆ, ಸಿಟ್ಟಿಲ್ಲ. ರಾಕೆಟ್ ಅಂದ ಮೇಲೆ ಬೀಳುತ್ತದೆ. 1979ರಲ್ಲಿ ಮೊದಲ ಎಸ್‌ಎಲ್‌ವಿ-3 ಬಿತ್ತು. 1993ರಲ್ಲಿ ಮೊದಲ ಪಿಎಸ್‌ಎಲ್‌ವಿಯೂ ಬಿತ್ತು. 2017ರಲ್ಲಿ ಪಿಎಸ್‌ಎಲ್‌ವಿ-ಸಿ39ರ ಶಾಖ ಕವಚ ತೆರೆದುಕೊಳ್ಳದೆ ಉಪಗ್ರಹ ಒಳಗೇ ಉಳಿಯಿತು. ಇಷ್ಟರ ಮಧ್ಯೆಯೂ ಇದೇ ಪಿಎಸ್‌ಎಲ್‌ವಿ ಚಂದ್ರಯಾನ-1, ಮಂಗಳಯಾನ, ಆದಿತ್ಯ-ಎಲ್1 ಎಲ್ಲವನ್ನೂ ಹೊತ್ತು ಹೋಗಿದೆ. ಒಂದೇ ಸಲಕ್ಕೆ 104 ಉಪಗ್ರಹ ಬಿಟ್ಟು ಬಂದಿದೆ. ಅದರ ಮೇಲಿನ ಪ್ರೀತಿ ಎರಡು ಸೋಲಿಗೆ ಕಮ್ಮಿಯಾಗುವಂಥದ್ದಲ್ಲ. ಆದರೆ ಎರಡು ಸಲ ಸತತವಾಗಿ, ಎರಡು ಸಲವೂ ಒಂದೇ ಹಂತದಲ್ಲಿ ತೊಂದರೆ ಬಂದಾಗ ಪ್ರಶ್ನೆ ಏಳದೆ ಇರುತ್ತದೆಯೇ?

ಪ್ರಶ್ನೆ ಏನೆಂದು ಬಿಡಿಸಿ ಹೇಳುತ್ತೇನೆ. ಪಿಎಸ್‌ಎಲ್‌ವಿಯ ಮೂರನೇ ಹಂತ ಘನ ಇಂಧನದ್ದು. ಸುಮಾರು ಏಳೂವರೆ ಟನ್ ಇಂಧನ, ಹಗುರವಾದ ನಾರಿನ ಕವಚದೊಳಗೆ ಎರಕ ಹೊಯ್ದಿರುತ್ತದೆ. ಒಮ್ಮೆ ಹೊತ್ತಿಕೊಂಡರೆ ಆರಿಸೋ ಹಾಗಿಲ್ಲ, ಕಮ್ಮಿ ಜಾಸ್ತಿ ಮಾಡೋ ಹಾಗಿಲ್ಲ. ಒಳಗಿನ ಒತ್ತಡ ಎಷ್ಟಿದೆ ಅನ್ನೋದರ ಮೇಲೆಯೇ ಅದರ ನೂಕುಬಲ ನಿಂತಿದೆ. ಆ ಒತ್ತಡ ಇದ್ದಕ್ಕಿದ್ದಂತೆ ಇಳಿಯಿತೆಂದರೆ ಅನಿಲ ಹೋಗಬಾರದ ಕಡೆ ಹೋಗಿರಬಹುದು, ಅನಿಲ ಹೊರಚಿಮ್ಮುವ ನಾಝಲ್ ಹಾಳಾಗಿರಬಹುದು, ಕವಚ ಬಿಟ್ಟಿರಬಹುದು, ಇಂಧನದಲ್ಲೇ ದೋಷವಿರಬಹುದು. ಇನ್ನು ಉರುಳುವಿಕೆಯ ಕತೆ ಬೇರೆ. ಮೂರನೇ ಹಂತದ ನಾಝಲ್ ಆಚೀಚೆ ವಾಲಿ ರಾಕೆಟ್‌ನ ಮೂತಿಯನ್ನು ತಿರುಗಿಸುತ್ತದೆ, ಆದರೆ ಉರುಳುವುದನ್ನು ತಡೆಯುವ ಕೆಲಸ ಮೇಲಿನ ನಾಲ್ಕನೇ ಹಂತದ ಥ್ರಸ್ಟರ್‌ಗಳದ್ದು, ಅಂದರೆ ಪುಟ್ಟ ಎಂಜಿನ್‌ಗಳದ್ದು. ಹಾಗಾದರೆ ಸಿ62ರಲ್ಲಿ ಮೂರನೇ ಹಂತದ ಪಕ್ಕದಿಂದ ಅನಿಲ ಚಿಮ್ಮಿ ಅದು ತಿರುಗಿತೋ, ಥ್ರಸ್ಟರ್‌ಗಳು ತಡೆಯಲಾರದೆ ಹೋದವೋ? ಸಿ61ರ ರೋಗವೇ ಮತ್ತೆ ಬಂತೋ, ಅಥವಾ ಎರಡಕ್ಕೂ ಸಂಬಂಧವೇ ಇಲ್ಲವೋ? ಇದು ಸುಮ್ನೆ ಕುತೂಹಲಕ್ಕೆ ಕೇಳುವ ಪ್ರಶ್ನೆಯಲ್ಲ. ಹಳೆಯ ರೋಗವೇ ಮತ್ತೆ ಬಂದಿದ್ದರೆ ತನಿಖೆಯೇ ಕಾರಣವನ್ನು ಪೂರ್ತಿ ಹಿಡಿದಿರಲಿಲ್ಲ ಎಂದಾಗುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ತಯಾರಿಕೆಯಲ್ಲೋ ತಪಾಸಣೆಯಲ್ಲೋ ಎಲ್ಲೋ ಸಡಿಲವಾಗಿದೆ ಎಂದಾಗುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯುವ ಹಕ್ಕು ತೆರಿಗೆ ಕಟ್ಟುವವನಿಗೂ ಇದೆ, ಮುಂದಿನ ಪಿಎಸ್‌ಎಲ್‌ವಿಯಲ್ಲಿ ಜಾಗ ಕಾದಿರಿಸಿರುವ ನವೋದ್ಯಮಕ್ಕೂ ಇದೆ.

ನೀವು ಮಾತಾಡದಿದ್ದರೆ ಬೇರೆಯವರು ಮಾತಾಡುತ್ತಾರೆ. ಊರ ಬಾಯಿಗೆ ಬೀಗ ಹಾಕೋಕಾಗಲ್ಲ. ಸಿ61 ಬಿದ್ದ ವಾರವೇ ಯಾರೋ ಬೇಕಂತಲೇ ಕೆಡಿಸಿದರು ಅನ್ನೋ ಕತೆಗಳು ವಾಟ್ಸಾಪ್‌ನಲ್ಲಿ ಓಡಾಡಿದವು. ಸಿ62 ಆದ ಮೇಲಂತೂ ಕೇಳಲೇಬೇಡಿ. ಯಾವುದೋ ದೇಶ ಲೇಸರ್ ಬಿಟ್ಟಿತಂತೆ, ಯಾರೋ ಒಳಗಿನವರೇ ಮಾಡಿದರಂತೆ. ಹತ್ತು ನಿಮಿಷದ ವಿಡಿಯೊ, ಹಿಂದೆ ಭಯಂಕರ ಸಂಗೀತ, ಲಕ್ಷಾಂತರ ವೀಕ್ಷಣೆ. ಮನೆಯ ಗುಂಪಿನಲ್ಲಿ ಅದನ್ನು ಕಳಿಸಿದ ಹಿರಿಯರಿಗೆ ‘ಇದು ಸುಳ್ಳು’ ಅಂದೆ. ‘ಹಾಗಾದರೆ ನಿಜ ಏನು?’ ಅಂತ ಕೇಳಿದರು. ತೋರಿಸಲು ಇಸ್ರೋದ ಒಂದು ಪುಟ ನನ್ನ ಬಳಿ ಇರಲಿಲ್ಲ.

ಹಾಗಂತ ಇಸ್ರೋಗೆ ವಿವರ ಕೊಡುವ ಅಭ್ಯಾಸವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ನನ್ನ ದೂರಿನ ತಿರುಳು ಇರುವುದೇ ಇಲ್ಲಿ: ನಿಮಗೆ ಇದನ್ನು ಚೆನ್ನಾಗಿ ಮಾಡೋಕೆ ಬರುತ್ತದೆ.

2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ರಾಕೆಟ್ ಸೋತಿತು. ಅತಿ ತಣ್ಣಗಿನ ದ್ರವ ಇಂಧನ ಬಳಸುವ ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳಲೇ ಇಲ್ಲ. ಮುಂದಿನ ವರ್ಷ ನೀವು ಕಾರಣ ಪ್ರಕಟಿಸಿದಿರಿ. ದ್ರವ ಹೈಡ್ರೋಜನ್ ಟ್ಯಾಂಕಿನಲ್ಲಿ ಇರಬೇಕಾದಷ್ಟು ಒತ್ತಡ ಇರಲಿಲ್ಲ, ಒತ್ತಡ ಬಿಡುವ ಒಂದು ವಾಲ್ವ್ ಸೋರುತ್ತಿತ್ತು, ಅದರ ಮೆತ್ತನೆಯ ಸೀಲ್ ಹಾಳಾಗಿರಬಹುದು, ಅದಕ್ಕೆ ಇಂತಿಂಥ ಕಾರಣ ಇರಬಹುದು ಅಂತ ವಾಲ್ವ್‌ನ ಸೀಲ್‌ವರೆಗೂ ಇಳಿದು ಬರೆದಿದ್ದಿರಿ. ಓದಿದವರಿಗೆ ವಿಷಯ ಸ್ಪಷ್ಟವಾಯಿತು. 2023ರ ಮೇನಲ್ಲಿ ಜಿಎಸ್‌ಎಲ್‌ವಿ ಮತ್ತೆ ಹಾರಿ ಎನ್‌ವಿಎಸ್-01 ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿದಾಗ, ಏನು ಸರಿಯಾಗಿದೆ ಅಂತ ಗೊತ್ತಿದ್ದೇ ಚಪ್ಪಾಳೆ ಹೊಡೆದೆವು.

ನಿಮ್ಮ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ಕತೆ ಇನ್ನೂ ಚೆನ್ನಾಗಿದೆ. 2022ರ ಆಗಸ್ಟ್ 7ರ ಮೊದಲ ಹಾರಾಟ. ಅದರಲ್ಲಿ ದೇಶದ 750 ಶಾಲಾ ಹುಡುಗಿಯರು ಸೇರಿ ಮಾಡಿದ ಆಜಾದಿಸ್ಯಾಟ್ ಕೂಡ ಇತ್ತು. ಮೂರೂ ಘನ ಹಂತ ಸರಿಯಾಗಿ ಉರಿದವು, ಆದರೂ ಉಪಗ್ರಹಗಳು ತಪ್ಪು ಕಕ್ಷೆಗೆ ಬಿದ್ದವು. ಒಂದು ತುದಿ 356 ಕಿಲೋಮೀಟರ್, ಇನ್ನೊಂದು ತುದಿ ಬರೀ 76. ಅಷ್ಟು ಕೆಳಗೆ ಗಾಳಿಯ ಎಳೆತಕ್ಕೆ ಯಾವ ಉಪಗ್ರಹವೂ ಉಳಿಯಲ್ಲ. ಕೆಲವೇ ತಿಂಗಳಲ್ಲಿ ನೀವು ವಿವರ ಕೊಟ್ಟಿರಿ. ಎರಡನೇ ಹಂತ ಕಳಚುವಾಗ ಉಪಕರಣಗಳಿದ್ದ ತಟ್ಟೆ ಕ್ಷಣಕಾಲ ಜೋರಾಗಿ ಅದುರಿತು. ವೇಗೋತ್ಕರ್ಷ ಅಳೆಯುವ ಸೆನ್ಸರ್‌ಗಳು ತಮ್ಮ ಮಿತಿ ಮುಟ್ಟಿದವು. ಸೆನ್ಸರ್‌ಗಳೇ ಕೆಟ್ಟಿವೆ ಅಂತ ಸಾಫ್ಟ್‌ವೇರ್ ತಪ್ಪು ತಿಳಿದುಕೊಂಡು ತುರ್ತು ವಿಧಾನಕ್ಕೆ ಹೊರಳಿತು. ಇಷ್ಟೇ. ಸೆನ್ಸರ್‌ಗಳು ಕೆಟ್ಟಿರಲೇ ಇಲ್ಲ! ಇದನ್ನು ಓದಿದ ದಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತೆಲ್ಲ ಇದೇ ಚರ್ಚೆ. ಸೆನ್ಸರ್ ವಿಚಿತ್ರ ಅಂಕಿ ಕೊಟ್ಟರೆ ಎಷ್ಟು ಹೊತ್ತು ಕಾದು ನೋಡಬೇಕು, ಯಾವಾಗ ಕೈಬಿಡಬೇಕು ಅನ್ನೋದು ನಾವು ದಿನಾ ಎದುರಿಸುವ ಸಮಸ್ಯೆ. 2023ರ ಫೆಬ್ರವರಿ 10ಕ್ಕೆ ಎರಡನೇ ಎಸ್‌ಎಸ್‌ಎಲ್‌ವಿ ಹಾರಿತು, ಗೆದ್ದಿತು, ಆ ಹುಡುಗಿಯರ ಎರಡನೇ ಉಪಗ್ರಹವೂ ಅದರಲ್ಲೇ ಹೋಯಿತು. ಅವರಿಗೆ ಮೊದಲನೆಯದು ಯಾಕೆ ಹೋಯಿತು ಅಂತ ಗೊತ್ತಿತ್ತು. ಸಿ62ರಲ್ಲಿ ಉಪಗ್ರಹ ಕಳೆದುಕೊಂಡವರಿಗೂ ಅದೇ ಗೌರವ ಸಿಗಬೇಕಲ್ಲವೇ?

ಭದ್ರತೆಯ ಮಾತು ಬರುತ್ತದೆ ಅಂತ ಗೊತ್ತು. ಇಒಎಸ್-09 ಗಡಿ ಕಾಯುವವರಿಗೂ ಬೇಕಾಗಿದ್ದ ಉಪಗ್ರಹ. ಅನ್ವೇಷಾ ರಕ್ಷಣಾ ಸಂಶೋಧನೆಗೆ ಸೇರಿದ್ದು. ಘನ ಇಂಧನದ ಮೋಟಾರ್ ಕೂಡ ಸೂಕ್ಷ್ಮ ವಿಷಯವೇ. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಕಲಮು ದೇಶದ ವ್ಯೂಹಾತ್ಮಕ ಮತ್ತು ವೈಜ್ಞಾನಿಕ ಹಿತಾಸಕ್ತಿಗೆ ಧಕ್ಕೆಯಾಗುವ ಮಾಹಿತಿಯನ್ನು ತಡೆಹಿಡಿಯಲು ಅವಕಾಶ ಕೊಡುತ್ತದೆ, ಅದೂ ಸರಿ. ಆದರೆ ನಾವು ಉಪಗ್ರಹದ ಗುಟ್ಟು ಕೇಳುತ್ತಿಲ್ಲ, ಇಂಧನದ ಪಾಕವಿಧಾನ ಕೇಳುತ್ತಿಲ್ಲ, ನಕ್ಷೆಗಳನ್ನೂ ಕೇಳುತ್ತಿಲ್ಲ. ರಾಕೆಟ್‌ನ ಯಾವ ಭಾಗ ಕೆಟ್ಟಿತು, ಹೇಗೆ ಗೊತ್ತಾಯಿತು, ಏನು ಬದಲಾಯಿಸಿದಿರಿ, ಇಷ್ಟೇ. ಕ್ರಯೋಜೆನಿಕ್ ತಂತ್ರಜ್ಞಾನಕ್ಕಿಂತ ಸೂಕ್ಷ್ಮ ಯಾವುದಿದೆ ಹೇಳಿ? 1990ರ ದಶಕದಲ್ಲಿ ಅಮೆರಿಕದ ಒತ್ತಡಕ್ಕೆ ರಷ್ಯಾ ನಮಗೆ ಕೊಡದೆ ಹಿಂದೆ ಸರಿದದ್ದು ಅದನ್ನೇ. ಆ ತಂತ್ರಜ್ಞಾನದ ಸೋಲನ್ನೇ ವಾಲ್ವ್‌ನ ಸೀಲ್‌ವರೆಗೂ ಬಿಡಿಸಿಟ್ಟವರು ನೀವು. ಅದರಿಂದ ದೇಶಕ್ಕೆ ಏನೂ ನಷ್ಟವಾದ ಹಾಗೆ ಕಾಣಲಿಲ್ಲ.

ಹೊರಗಿನವರು ಏನು ಮಾಡುತ್ತಾರೆ ಅಂತಲೂ ಸ್ವಲ್ಪ ನೋಡೋಣ. ನನ್ನ ವೃತ್ತಿಯವರಿಗೆಲ್ಲ ಗೊತ್ತಿರುವ ಒಂದು ರಾಕೆಟ್ ಇದೆ. 1996ರ ಜೂನ್ 4ರಂದು ಯುರೋಪಿನ ಮೊದಲ ಏರಿಯಾನ್-5 ಎದ್ದು 40 ಸೆಕೆಂಡ್ ಆಗುವಷ್ಟರಲ್ಲಿ ಚೂರುಚೂರಾಯಿತು. ತನಿಖಾ ಮಂಡಳಿಯ ವರದಿ ಜುಲೈ 19ಕ್ಕೇ ಸಿದ್ಧ. ಏರಿಯಾನ್-4ಕ್ಕೆ ಬರೆದ ಸಾಫ್ಟ್‌ವೇರ್ ಅನ್ನು ಹಾಗೇ ತಂದು ಹಾಕಿದ್ದರು. ಹೊಸ ರಾಕೆಟ್‌ನ ವೇಗ ಜಾಸ್ತಿ. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುರುಕಲು ಹೋಗಿ ಲೆಕ್ಕ ಕೆಟ್ಟಿತು, ಮಾರ್ಗದರ್ಶಿ ಕಂಪ್ಯೂಟರ್ ಕೈಚೆಲ್ಲಿತು. ಬದಲಿ ಕಂಪ್ಯೂಟರಿನಲ್ಲೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಅದೇ ರೀತಿ ಬಿತ್ತು. ತಮಾಷೆ ಅಂದರೆ, ಆ ಲೆಕ್ಕ ಮಾಡುತ್ತಿದ್ದ ಭಾಗ ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಬೇಕಾಗಿಯೇ ಇರಲಿಲ್ಲ. ವರದಿ ಜಗತ್ತಿಗೆಲ್ಲ ಸಿಕ್ಕಿತು. ರಾಕೆಟ್ ಮುಖವನ್ನೇ ನೋಡದ ಎಷ್ಟೋ ಸಾವಿರ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಓದಿಕೊಂಡೇ ಕೋಡ್ ಬರೆಯಲು ಕಲಿತಿದ್ದಾರೆ, ನಾನೂ ಅವರಲ್ಲೊಬ್ಬ. ಸಿ61ರ ವರದಿ ನಮ್ಮ ಹುಡುಗರಿಗೆ ಹೀಗೇ ಪಾಠವಾಗಬಹುದಿತ್ತು. ಈಗ ನೋಡಿ, ಅವರು ಯುರೋಪಿನ ಸೋಲನ್ನು ಓದುತ್ತಾರೆ, ಶ್ರೀಹರಿಕೋಟಾದ್ದು ಸಿಗಲ್ಲ.

ಜಪಾನಿನದು ಇನ್ನೂ ಹತ್ತಿರದ ಉದಾಹರಣೆ. 2023ರ ಮಾರ್ಚ್ 7ರಂದು ಅವರ ಮೊದಲ ಎಚ್3 ರಾಕೆಟ್‌ನ ಎರಡನೇ ಹಂತ ಹೊತ್ತಿಕೊಳ್ಳಲಿಲ್ಲ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ತನಿಖೆ ಮುಗಿಯಲಿ ಅಂತ ಬಾಯಿ ಮುಚ್ಚಿ ಕೂರಲಿಲ್ಲ. ಸರ್ಕಾರದ ತಜ್ಞರ ಸಮಿತಿಯ ಮುಂದೆ ಮತ್ತೆ ಮತ್ತೆ ಹೋಗಿ, ಯಾವ ಯಾವ ಕಾರಣ ಸಾಧ್ಯ, ಯಾವುದನ್ನು ಕೈಬಿಟ್ಟೆವು, ಯಾವುದು ಉಳಿದಿದೆ ಅಂತ ಹಂತ ಹಂತವಾಗಿ ತೋರಿಸಿತು, ಆ ಸ್ಲೈಡ್‌ಗಳನ್ನೆಲ್ಲ ಜನರ ಮುಂದಿಟ್ಟಿತು. ಒಂದು ವರ್ಷದೊಳಗೆ, 2024ರ ಫೆಬ್ರವರಿ 17ಕ್ಕೆ ಎಚ್3 ಮತ್ತೆ ಹಾರಿ ಗೆದ್ದಿತು. ಅದೇ ದೇಶದ ಐಸ್ಪೇಸ್ ಅನ್ನುವ ಖಾಸಗಿ ಕಂಪನಿ 2023ರ ಏಪ್ರಿಲ್‌ನಲ್ಲಿ ಚಂದ್ರನ ಮೇಲೆ ಲ್ಯಾಂಡರ್ ಕಳೆದುಕೊಂಡಾಗ ಒಂದು ತಿಂಗಳಲ್ಲೇ ಕಾರಣ ಹೇಳಿತು: ಕುಳಿಯ ಅಂಚು ದಾಟುವಾಗ ಎತ್ತರ ಒಮ್ಮೆಲೇ ಬದಲಾಯಿತು, ಸಾಫ್ಟ್‌ವೇರ್ ಅದನ್ನು ನಂಬದೆ ತನ್ನದೇ ಲೆಕ್ಕ ಹಿಡಿಯಿತು, ಇನ್ನೂ 5 ಕಿಲೋಮೀಟರ್ ಮೇಲಿರುವಾಗಲೇ ನೆಲ ಮುಟ್ಟಿದೆ ಅಂದುಕೊಂಡಿತು. ಷೇರುದಾರರ ಹೆದರಿಕೆ ಇರುವ ಕಂಪನಿಯೇ ಇಷ್ಟು ಹೇಳುತ್ತದೆ.

ನಾಸಾ ಮಾತ್ರ ಪೂರ್ತಿ ಸಾಚಾ ಅಂತ ಹೇಳಲಾರೆ. ಚಂದ್ರನವರೆಗೆ ಹೋಗಿ ಬಂದ ಆರ್ಟೆಮಿಸ್-1 ಯಾನದ ಓರಾಯನ್ ನೌಕೆಯ ಶಾಖ ಕವಚ ಎಷ್ಟು ಹಾಳಾಗಿತ್ತು ಅನ್ನೋ ಫೋಟೊಗಳು ಹೊರಬಂದದ್ದು ನಾಸಾದ ಕೆಲಸವನ್ನೇ ಪರಿಶೀಲಿಸುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ವರದಿಯಿಂದ, 2024ರಲ್ಲಿ, ನೌಕೆ ವಾಪಸ್ ಬಂದು ಒಂದೂವರೆ ವರ್ಷ ಆದ ಮೇಲೆ. ಆದರೆ ಅಲ್ಲಿ ಹಾಗೆ ಕೇಳುವ, ಕೇಳಿ ಹೊರತರುವ ಇನ್ನೊಂದು ಕಚೇರಿ ಇದೆ. ನಮ್ಮಲ್ಲಿ ಸೋತವರೂ ತನಿಖೆ ಮಾಡುವವರೂ ವರದಿ ಇಟ್ಟುಕೊಳ್ಳುವವರೂ ಬಹುಮಟ್ಟಿಗೆ ಒಂದೇ ಮನೆಯವರು. ಅದಕ್ಕೇ ಪ್ರಕಟಣೆ ಇನ್ನೂ ಜಾಸ್ತಿ ಮುಖ್ಯವಾಗುತ್ತದೆ.

ಜನರಿಗೆ ಮಾಹಿತಿ ಕೊಟ್ಟರೆ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ಚಂದ್ರಯಾನ-2 ನೆನಪಿಸಿ. 2019ರ ಸೆಪ್ಟೆಂಬರ್ 7ರ ಆ ನಡುರಾತ್ರಿ ಪರದೆಯ ಮೇಲೆ ಕೆಂಪು ಗೆರೆ, ಅದರ ಮೇಲೆ ಜಾರುತ್ತಿದ್ದ ವಿಕ್ರಮ ಲ್ಯಾಂಡರ್‌ನ ಹಸಿರು ಚುಕ್ಕೆ. ಆ ಚುಕ್ಕೆ ಗೆರೆ ಬಿಟ್ಟು ಪಕ್ಕಕ್ಕೆ ಸರಿದಾಗ ನೋಡುತ್ತಿದ್ದವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನೆದರ್ಲೆಂಡ್ಸ್‌ನ ಹಳೆಯದೊಂದು ರೇಡಿಯೊ ದೂರದರ್ಶಕದಲ್ಲಿ ಕಿವಿಗೊಟ್ಟಿದ್ದವರು ವಿಕ್ರಮನ ಸಿಗ್ನಲ್ ಹೇಗೆ ಬದಲಾಯಿತು ಅನ್ನೋ ನಕ್ಷೆಯನ್ನು ಅಂದೇ ಹಾಕಿದರು. ನಂತರ ವಿಕ್ರಮನ ಅವಶೇಷದ ಮೊದಲ ಗುರುತು ಹಿಡಿದದ್ದು ಚೆನ್ನೈನ ಒಬ್ಬ ಹವ್ಯಾಸಿ ಎಂಜಿನಿಯರ್. ಹೇಗೆ? ನಾಸಾ ತನ್ನ ಚಂದ್ರ ಕಕ್ಷಾಗಾಮಿಯ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಅವರು ಮನೆಯಲ್ಲಿ ಕೂತು ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ಚುಕ್ಕೆ ಚುಕ್ಕೆ ಹುಡುಕಿದರು. ನಾಸಾ ಅದನ್ನು ಒಪ್ಪಿ 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಮ್ಮ ಲ್ಯಾಂಡರ್, ನಮ್ಮ ಹುಡುಗ, ಚಿತ್ರ ಮಾತ್ರ ಬೇರೆಯವರದ್ದು.

ಆ ಸೋಲಿನ ನಿಜವಾದ ವಿವರ ನಮಗೆ ಸಿಕ್ಕಿದ್ದು ಸುಮಾರು ನಾಲ್ಕು ವರ್ಷ ಕಳೆದ ಮೇಲೆ. 2023ರ ಜುಲೈನಲ್ಲಿ ಆಗಿನ ಅಧ್ಯಕ್ಷ ಸೋಮನಾಥ್ ಅವರು ಬಿಡಿಸಿ ಹೇಳಿದರು. ಐದು ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ನೂಕಿದವು, ತಪ್ಪುಗಳು ಒಟ್ಟುಗೂಡಿದವು, ತಿರುಗುವ ವೇಗಕ್ಕೆ ಸಾಫ್ಟ್‌ವೇರ್‌ನಲ್ಲಿ ಮಿತಿ ಇತ್ತು, ಇಳಿಯುವ ಜಾಗವೋ ಬರೀ 500 ಮೀಟರ್ ಉದ್ದಗಲ. ಅದಕ್ಕೇ ಚಂದ್ರಯಾನ-3ಕ್ಕೆ ಉದ್ದ 4 ಕಿಲೋಮೀಟರ್, ಅಗಲ ಸುಮಾರು 2.5 ಕಿಲೋಮೀಟರ್ ಜಾಗ ಕೊಟ್ಟೆವು ಅಂದರು. ಎಷ್ಟು ಚೆನ್ನಾಗಿ ಹೇಳಿದರು! ಕೇಳಿದವರಿಗೆ ಇಸ್ರೋ ಮೇಲಿನ ನಂಬಿಕೆ ಹೆಚ್ಚಿತೇ ಹೊರತು ಕಮ್ಮಿಯಾಗಲಿಲ್ಲ. ಇದನ್ನು 2020ರಲ್ಲೇ ಹೇಳಿದ್ದರೆ ಏನಾಗುತ್ತಿತ್ತು?

ಇನ್ನು ಎಲ್ಲಕ್ಕಿಂತ ಭಾರವಾದ ವಿಷಯ. ಗಗನಯಾನ. ನಾಳೆ ನೀವು ಮನುಷ್ಯರನ್ನು ಕೂರಿಸಿ ಕಳಿಸುತ್ತೀರಿ. ಆ ರಾಕೆಟ್ ಬೇರೆ, ಎಲ್‌ವಿಎಂ3, ಅದರ ದಾಖಲೆ ಚೆನ್ನಾಗಿದೆ, ಗೊತ್ತು. ಆದರೆ ತಪಾಸಣೆ ಮಾಡುವ ಸಂಸ್ಕೃತಿ ಒಂದೇ, ಸಹಿ ಹಾಕುವ ಕೈಗಳೂ ಅವೇ. 2025ರ ಜೂನ್ ನೆನಪಿಸಿಕೊಳ್ಳಿ ಸರ್. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಆಕ್ಸಿಯಂ-4 ಯಾನದಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಡುವ ಮೊದಲು ಫಾಲ್ಕನ್-9 ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿತ್ತು. ನೀವೂ ನಿಮ್ಮ ತಂಡವೂ ಅಲ್ಲೇ ಇದ್ದಿರಿ. ಕಾರಣ ಪೂರ್ತಿ ತಿಳಿಯಬೇಕು, ಸರಿಮಾಡಿ ಪರೀಕ್ಷಿಸಿಯೇ ಹಾರಿಸಬೇಕು ಅಂತ ಪಟ್ಟು ಹಿಡಿದಿರಿ. ಉಡಾವಣೆ ಮುಂದಕ್ಕೆ ಹೋಯಿತು, ಬಿರುಕು ಸಿಕ್ಕಿತು, ಸರಿಹೋಯಿತು, ಜೂನ್ 25ಕ್ಕೆ ಶುಕ್ಲಾ ಹಾರಿದರು. ಆಮೇಲೆ ನೀವೇ ಅದನ್ನು ಬಹಿರಂಗವಾಗಿ ಹೇಳಿದಾಗ ನಮಗೆಲ್ಲ ಎದೆ ಉಬ್ಬಿತು. ನಮ್ಮವರು ಪ್ರಶ್ನೆ ಕೇಳಿದರು ಅಂತ. ಇನ್ನೊಬ್ಬರ ರಾಕೆಟ್ ಬಗ್ಗೆ ನೀವು ಅಲ್ಲಿ ಕೇಳಿದ ಪ್ರಶ್ನೆಯನ್ನೇ ನಮ್ಮ ರಾಕೆಟ್ ಬಗ್ಗೆ ನಾವು ಇಲ್ಲಿ ಕೇಳುತ್ತಿದ್ದೇವೆ.

ತೆರೆದು ಮಾತಾಡಿದರೆ ಎಷ್ಟು ಹಗುರವಾಗುತ್ತದೆ ಅನ್ನೋದಕ್ಕೆ ಗಗನಯಾನದ್ದೇ ಉದಾಹರಣೆ ಇದೆ. 2023ರ ಅಕ್ಟೋಬರ್ 21ರಂದು ಟಿವಿ-ಡಿ1, ಅಂದರೆ ಅಪಾಯದಲ್ಲಿ ಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ ಪರೀಕ್ಷೆ. ಕೌಂಟ್‌ಡೌನ್ ಐದು ಸೆಕೆಂಡ್ ಇರುವಾಗ ಕಂಪ್ಯೂಟರ್ ತಾನಾಗಿಯೇ ತಡೆದು ನಿಲ್ಲಿಸಿತು. ಅಧ್ಯಕ್ಷರು ಮೈಕ್ ಹಿಡಿದು, ಎಂಜಿನ್ ಅಂದುಕೊಂಡಂತೆ ಹೊತ್ತಿಕೊಂಡಿಲ್ಲ, ವಾಹನ ಸುರಕ್ಷಿತವಾಗಿದೆ, ನೋಡಿ ಹೇಳುತ್ತೇವೆ ಅಂದರು. ಕಾರಣ ಸಿಕ್ಕಿತು ಅಂತ ತಿಳಿಸಿದರು, ಹತ್ತು ಗಂಟೆಗೆ ಹಾರಿಸಿದರು. ಒಂದೇ ಒಂದು ಗಾಳಿಮಾತು ಹುಟ್ಟಲಿಲ್ಲ, ಹುಟ್ಟಲು ಜಾಗವೇ ಇರಲಿಲ್ಲ. (ಪ್ರಸಾರದ ಮಾತು ಬಂದಾಗ ಒಂದು ಚಿಕ್ಕ ಗೊಣಗು: ಗೆದ್ದ ದಿನ ಅಭಿನಂದನಾ ಭಾಷಣಗಳು ಪಿಎಸ್‌ಎಲ್‌ವಿ ಕಕ್ಷೆ ಸೇರುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತವೆ. ಅದರ ಅರ್ಧ ಸಮಯವನ್ನು ರಾಕೆಟ್ ಮೇಲಿನ ಕ್ಯಾಮೆರಾ ಚಿತ್ರಕ್ಕೆ ಕೊಟ್ಟರೆ ನಾವು ಜೀವನಪೂರ್ತಿ ಋಣಿ.)

ನನ್ನ ಕೆಲಸದಲ್ಲಿ ಸರ್ವರ್ ಬಿದ್ದು ಗ್ರಾಹಕರಿಗೆ ತೊಂದರೆಯಾದರೆ ನಿಗದಿತ ದಿನದೊಳಗೆ ಒಂದು ಪುಟ ಬರೆಯಲೇಬೇಕು. ಏನಾಯಿತು, ಯಾಕಾಯಿತು, ಮತ್ತೆ ಆಗದ ಹಾಗೆ ಏನು ಮಾಡಿದ್ದೇವೆ. ಅದರಲ್ಲಿ ಯಾರ ಹೆಸರೂ ಹಾಕುವಂತಿಲ್ಲ, ಯಾರನ್ನೂ ಬೈಯುವಂತಿಲ್ಲ. ಹೆಸರಿಲ್ಲದೆ ಇರುವುದರಿಂದಲೇ ಜನ ನಿಜ ಬರೆಯುತ್ತಾರೆ. ನಿಮ್ಮ ವರದಿಯಲ್ಲೂ ನಮಗೆ ಯಾರ ತಲೆಯೂ ಬೇಕಿಲ್ಲ. ನಾಝಲ್ ಜೋಡಿಸಿದ ತಂತ್ರಜ್ಞ ಯಾರು, ತಪಾಸಣೆಗೆ ಸಹಿ ಹಾಕಿದವರು ಯಾರು ಅಂತ ಹುಡುಕಿ ಟಿವಿಯಲ್ಲಿ ಕೂರಿಸಿ ಹಿಂಸಿಸುವುದನ್ನು ನಾವು ಮೊದಲು ವಿರೋಧಿಸುತ್ತೇವೆ.

ಹಾಗಾಗಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಮುಂದಿನ ಪಿಎಸ್‌ಎಲ್‌ವಿ ಹಾರುವ ಮೊದಲು ಸಿ61 ಮತ್ತು ಸಿ62ರ ತನಿಖೆಯ ಸಾರಾಂಶವನ್ನು ನಿಮ್ಮ ವೆಬ್‌ಸೈಟ್‌ನಲ್ಲಿ ಹಾಕಿ. ಜಿಎಸ್‌ಎಲ್‌ವಿ-ಎಫ್10ಕ್ಕೆ ಮಾಡಿದಷ್ಟು ಮಾಡಿದರೂ ಸಾಕು. ಗುಟ್ಟಿನ ಸಾಲುಗಳಿದ್ದರೆ ಕಪ್ಪು ಬಳಿಯಿರಿ, ಉಳಿದದ್ದನ್ನು ಓದಿಕೊಳ್ಳುತ್ತೇವೆ. ಇನ್ನು ಮುಂದೆ ಯಾವುದೇ ಉಡಾವಣೆ ಸೋತರೂ ಇಂತಿಷ್ಟು ತಿಂಗಳೊಳಗೆ ಸಾರಾಂಶ ಬರುತ್ತದೆ ಅಂತ ಒಂದು ನಿಯಮ ಮಾಡಿ. ಆ ಅವಧಿ ಆರು ತಿಂಗಳೋ ಒಂಬತ್ತು ತಿಂಗಳೋ, ನೀವೇ ಗೊತ್ತುಮಾಡಿ. ಒಳ್ಳೆಯ ಮನಸ್ಸಿನ ಅಧ್ಯಕ್ಷರು ಬಂದಾಗ ಹೇಳುವುದು, ಇಲ್ಲದಾಗ ಸುಮ್ಮನಾಗುವುದು ಆಗಬಾರದು. ತನಿಖಾ ಸಮಿತಿಯಲ್ಲಿ ಇಸ್ರೋದ ಹೊರಗಿನವರು, ಐಐಎಸ್‌ಸಿ, ಐಐಟಿಯಂಥ ಕಡೆಯ ತಜ್ಞರು ಎಷ್ಟು ಜನ ಇದ್ದಾರೆ ಅಂತಲೂ ತಿಳಿಸಿ. ಪಿಎಸ್‌ಎಲ್‌ವಿ ಈಗ ನಿಮ್ಮೊಬ್ಬರದ್ದೂ ಅಲ್ಲ. ಐದು ರಾಕೆಟ್ ಕಟ್ಟುವ ಗುತ್ತಿಗೆಯನ್ನು 2022ರಲ್ಲೇ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಕೂಟಕ್ಕೆ ಕೊಟ್ಟಾಗಿದೆ. ಅವರಿಂದ ರಾಕೆಟ್ ಕೊಳ್ಳುವವರು ಮೊದಲು ಕೇಳುವುದೇ ಈ ಎರಡು ಹಾರಾಟಗಳ ಬಗ್ಗೆ.

ಇನ್ನೊಂದು ಮಾತು, ಸಲುಗೆಯಿಂದ. ನಿಮ್ಮ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಉಪಗ್ರಹ ಕಟ್ಟುವುದು ಇಲ್ಲಿ, ಪೀಣ್ಯದಿಂದ ಅವುಗಳ ಜಾಡು ಹಿಡಿಯುತ್ತೀರಿ, ಹಾಸನದಿಂದ ನಿಯಂತ್ರಿಸುತ್ತೀರಿ, ಬ್ಯಾಲಾಳಿನ ದೊಡ್ಡ ಆಂಟೆನಾ ಚಂದ್ರನ ಜೊತೆ ಮಾತಾಡುತ್ತದೆ, ಮರುಬಳಕೆಯ ರೆಕ್ಕೆ ವಾಹನ ಇಳಿದದ್ದು ಚಳ್ಳಕೆರೆ ಹತ್ತಿರ. ಆದರೆ ನಿಮ್ಮ ವೆಬ್‌ಸೈಟ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಚಳ್ಳಕೆರೆಯ ಹೈಸ್ಕೂಲ್ ಹುಡುಗಿಗೆ ತನ್ನ ಊರಿನ ಪಕ್ಕ ಏನಾಯಿತು ಅಂತ ಕನ್ನಡದಲ್ಲಿ ಎರಡು ಪುಟ ಓದಲು ಸಿಗಬೇಕು. ಸಿ61, ಸಿ62ರ ಸಾರಾಂಶ ಹಾಕುವ ದಿನ ಕನ್ನಡದ ಪ್ರತಿಯನ್ನೂ ಹಾಕಿ. ಅನುವಾದಕ್ಕೆ ಜನ ಸಿಗುವುದಿಲ್ಲ ಅಂದರೆ ಹೇಳಿ, ನಾವು ಹತ್ತಾರು ಜನ ಒಂದು ಪೈಸೆ ತೆಗೆದುಕೊಳ್ಳದೆ ಮಾಡಿಕೊಡುತ್ತೇವೆ.

ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಒಬ್ಬ ಬಾಹ್ಯಾಕಾಶ ಆಸಕ್ತ
ಬೆಂಗಳೂರು